ಮೈಮರೆತು ಓದಿದವನು

ನಡೆಯುತ್ತ ಓದುವ ಕೆಟ್ಟ ಚಟ ನನಗೆ ಕಾಲೇಜಿನ ದಿನಗಳಿಂದಲೂ ಇದೆ. ಕಂಬಕ್ಕೆ ಹಣೆ ಕೊಟ್ಟಿದ್ದೇನೆ, ಎಮ್ಮೆಗೆ ಕ್ಷಮೆ ಕೇಳಿದ್ದೇನೆ. ಓಲೆಗರಿಯ ಕಾಲದವರಿಗೆ ಈ ಅಪಾಯವಿರಲಿಲ್ಲ. ಕಟ್ಟು ಬಿಚ್ಚಿ ಕೂತೇ ಓದಬೇಕಿತ್ತು. ಕಾಗದ ಹಗುರವಾದದ್ದೇ ನನ್ನಂಥವರನ್ನು ಕೆಡಿಸಿತು.

ಕೇಬಲ್ ಟೀವಿ ನಾಗಮಂಗಲಕ್ಕೂ ಬಂದ ಮೇಲೆ ಕಾದಂಬರಿ ಓದುವವರು ಎಲ್ಲಿದ್ದಾರೆ ಎಂದು ನಾವು ಬರೆಯುವವರು ಸೇರಿದಾಗಲೆಲ್ಲ ಗೊಣಗುತ್ತೇವೆ. ನನ್ನ ಕಾದಂಬರಿಯನ್ನು ಮೈಮರೆತು ಓದಿದವನು ಇಡೀ ಜಿಲ್ಲೆಯಲ್ಲಿ ಒಬ್ಬನೇ, ಅವನು ನಾನು. ಅದರ ಬೆಲೆ ತೆತ್ತವನು ಮಾತ್ರ ಬೇರೆಯವನು.

ಚಿನಕುರಳಿಯ ಹತ್ತಿರದ ಕಲ್ಲುಕ್ವಾರಿಯಲ್ಲಿ ಮಧ್ಯಾಹ್ನ ಬಂಡೆ ಸಿಡಿಸುತ್ತಾರೆ. ಮೊದಲು ಮೂರು ಸಲ ಸೀಟಿ ಊದುತ್ತಾರೆ. ಕೆಂಪು ಬಟ್ಟೆ ಹಿಡಿದವನೊಬ್ಬ ರಸ್ತೆಗೆ ಬಂದು ಬಸ್ಸು, ಬೈಕು ನಿಲ್ಲಿಸುತ್ತಾನೆ. ಸೀಟಿ ಕೇಳಿದರೆ ಊರಿನ ನಾಯಿಗಳೂ ಅಲ್ಲೇ ಕೂರುತ್ತವೆ. ಅಂದು ನಾನು ನಿಲ್ಲಲಿಲ್ಲ. ಅಚ್ಚಿನ ಮನೆಯಿಂದ ಬಂದ ನನ್ನ ಕಾದಂಬರಿಯ ಕರಡು ತಿದ್ದುತ್ತ ಕಾಲುದಾರಿ ಹಿಡಿದಿದ್ದೆ. ಸೀಟಿ ಕೇಳಿಸಲಿಲ್ಲವೆಂದರೆ ಸುಳ್ಳಾಗುತ್ತದೆ. ಈ ವಾಕ್ಯವೊಂದು ಮುಗಿಯಲಿ ಎಂದುಕೊಂಡೆ.

"ಬಗ್ಗಿ ಸಾಮೀ, ಬಗ್ಗಿ!"

ಕೆಂಪು ಬಟ್ಟೆಯ ನಿಂಗಯ್ಯ ಓಡಿಬಂದು ನನ್ನನ್ನು ಬಂಡೆಯ ಮರೆಗೆ ಕೆಡವಿ ಮೇಲೆ ಬಿದ್ದ. ಅವನ ಒಂದು ಕಾಲು ಮರೆಯಿಂದ ಆಚೆ ಉಳಿಯಿತು. ತೆಂಗಿನಕಾಯಿ ಗಾತ್ರದ ಕಲ್ಲು ಅದನ್ನೇ ಹುಡುಕಿಕೊಂಡು ಬಂತು.

ಅಂದಿನಿಂದ ಯಾವ ಪುಸ್ತಕ ತೆರೆದರೂ ಎರಡನೇ ಸಾಲಿಗೆ ಕಿವಿಯಲ್ಲಿ ಸೀಟಿ. ಮನಸ್ಸಿನಲ್ಲೇ ದಿನಕ್ಕೆ ನೂರು ಸಲ ಆ ಕಾಲುದಾರಿಯಲ್ಲಿ ನಡೆಯುತ್ತೇನೆ. ವಾಕ್ಯವನ್ನು ಅರ್ಧಕ್ಕೇ ಬಿಟ್ಟು ನಿಲ್ಲಲು ನೋಡುತ್ತೇನೆ. ನೂರು ಸಲವೂ ಅವನು ಓಡಿಬರುತ್ತಾನೆ.

ಪಾಂಡವಪುರದ ಆಸ್ಪತ್ರೆಯಲ್ಲಿ ಅವನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ನೋಡಲು ಹೋದೆ.

"ಅಂತಾದ್ದೇನಿತ್ತು ಸಾಮಿ ಆ ಕಾಗ್ದದಲ್ಲಿ? ತಂದು ಓದಿ, ನಾನೂ ಕೇಳ್ತೀನಿ," ಎಂದ.

ಅವನ ಹೆಂಡತಿ ಸಿಡುಕಿದಳು: "ಕಾಲ್ ಕಳ್ಕಂಡು ಕತೆ ಬೇರೆ ಕೇಡು ಈವಯ್ಯಂಗೆ!"

ಮಾರನೆಯ ದಿನ ಒಯ್ದು ಓದಿದೆ. ಅಂದು ತಿದ್ದುತ್ತಿದ್ದ ಭಾಗವೇ. ಅದರಲ್ಲಿ ನಾಯಕಿ ಕಿಟಕಿಯ ಬಳಿ ನಿಂತು ಎರಡು ಪುಟದುದ್ದ ನಿಟ್ಟುಸಿರು ಬಿಡುತ್ತಾಳೆ. ನಿಂಗಯ್ಯ ಕೊನೆಯವರೆಗೂ ಕಾದ.

"ಇಷ್ಟೇಯಾ?"

ಯಾವ ವಿಮರ್ಶಕನೂ ನನ್ನನ್ನು ಅಷ್ಟು ಚಿಕ್ಕದಾಗಿ ಮುಗಿಸಿರಲಿಲ್ಲ. ಹರಿದುಹಾಕುತ್ತೇನೆ, ಇನ್ನು ಬರೆಯುವುದಿಲ್ಲ ಎಂದೆ.

"ಅರ್ದಾಕ್ಬುಟ್ರೆ ನನ್ ಕಾಲ್ ಬಂದ್ಬುಡ್ತದಾ? ಊರ್ಗೋದ್ರೆ, ಯಾತುಕ್ಲಾ ಕಾಲ್ ಕಳ್ಕಂಡೆ ಅಂತಾರೆ. ಯಾವಳೋ ಕಿಟ್ಕೀಲಿ ಉಸ್ರು ಬುಡ್ತಾ ನಿಂತಿದ್ಲು, ಅದುಕ್ಕೆ ಅಂತ ಎಂಗೇಳ್ಲಿ? ಮಾನ ಓಯ್ತದೆ. ಯೋಳ್ಕೊಳಂಗೆ ಏನಾರ ಬರ್ದ್ಕಂಡ್ ಬನ್ನಿ, ಓಗಿ!"

ಬರೆಯುವುದನ್ನು ಬಿಡುವ ಸುಖವೂ ನನಗೆ ಉಳಿಯಲಿಲ್ಲ. ದಿನಾ ಬೆಳಿಗ್ಗೆ ಕೂರುತ್ತೇನೆ. ಒಂದು ಕಾಲಿಗೆ ಸಮನಾದ ವಾಕ್ಯ ಎಲ್ಲಾದರೂ ಇದೆಯೋ ಇಲ್ಲವೋ ಗೊತ್ತಿಲ್ಲ. ಇದ್ದರೂ ನನ್ನ ಕೈಗೆ ಸಿಗುವಂಥದ್ದಲ್ಲ. ಇವತ್ತು ಒಂದು ಬರೆದೆ. ನಿಂಗಯ್ಯನ ಎದುರಿಗೆ ಕೂತಂತೆ ಗಟ್ಟಿಯಾಗಿ ಓದಿದೆ. ಹೊಡೆದುಹಾಕಿದೆ. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಅತ್ಯುತ್ತಮ ತಿದ್ದುಪಡಿ ಅದೇ ಇರಬೇಕು.