ಕಟ್ಟಿದ ಮೂಗಿಗೆ ಬಂದ ವಾಸನೆ

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಹಿಂದೂಪುರದ ಒಂದು ಆಸ್ಪತ್ರೆಯಲ್ಲಿ ಹೊಟ್ಟೆ, ಲಿವರ್ ಕಾಯಿಲೆಯವರ ವಾರ್ಡಿನಲ್ಲಿ ನರ್ಸಾಗಿ ತಲೆ ನರೆಸಿಕೊಂಡವಳು ನಾನು. ಕಾಮಾಲೆಯವರು ಕೊರಳಿಗೆ ಬೇರಿನ ಸರ ಕಟ್ಟಿಸಿಕೊಂಡು ಬಂದು, "ನೋಡಮ್ಮ, ಸರ ಎದೆಗಿಳೀತು, ಕಾಮಾಲೆನೂ ಇಳ್ದಂಗೇಯ" ಎಂದರೆ, "ದಾರ ಸಡಿಲ ಆಗೈತೆ ಕಣಪ್ಪ, ಮೊದ್ಲು ಕಣ್ಣು ತೋರ್ಸು" ಎನ್ನುತ್ತಿದ್ದೆ. ವಾರ್ಡಿನಲ್ಲಿ ದೆವ್ವ ಕಂಡೆವೆಂದು ಆಯಾಗಳು ಗುಸುಗುಟ್ಟಿದರೆ, ಅದಕ್ಕೂ ಒಂದು ಗ್ಲೂಕೋಸ್ ಬಾಟಲಿ ಹಾಕಿ ಮಲಗಿಸಿ ಎಂದು ಛೇಡಿಸುತ್ತಿದ್ದೆ. ಅಂಥವಳ ಬಾಯಿಗೆ ಬೀಗ ಬಿದ್ದದ್ದು ಕಲ್ಯಾಣದುರ್ಗದ ನಮ್ಮಕ್ಕನ ಮನೆಯಲ್ಲಿ. ಅದೂ ಕತ್ತಲಲ್ಲಲ್ಲ, ಚುರುಗುಟ್ಟುವ ಮಧ್ಯಾಹ್ನದ ಬಿಸಿಲಲ್ಲಿ.

ನಮ್ಮ ಕಡೆ ಮೊಬೈಲ್ ಫೋನು ಆಗ ತಾನೇ ಕಾಲಿಡುತ್ತಿದ್ದ ಕಾಲ. ರಜೆ ಹಾಕಿ ಅಕ್ಕನ ಮನೆಗೆ ಹೋಗಿದ್ದೆ. ಭಾವ ಮದುವೆ ಮನೆಗಳ ಅಡುಗೆ ಹಿಡಿಯುವವರು. ದೇವರಿಗೆ ಎಡೆಯಾಗುವ ತನಕ ಅಡುಗೆಯವರು ರುಚಿ ನೋಡುವಂತಿಲ್ಲ. ಹಾಗಾಗಿ ಕೊಪ್ಪರಿಗೆಯ ಹಬೆ ಮೂಸಿಯೇ ಹುಳಿಗೆ ಉಪ್ಪು ಸಾಕೋ ಬೇಕೋ ಹೇಳುತ್ತಿದ್ದರು. ಆ ಮೂಗಿನ ಬಗ್ಗೆ ಅವರಿಗೆ ಇದ್ದ ಜಂಬ ಅಷ್ಟಿಷ್ಟಲ್ಲ. ನನಗೋ ಆ ಸಲ ಎಂಥ ನೆಗಡಿ ಹಿಡಿದಿತ್ತೆಂದರೆ, ಎರಡೂ ಹೊಳ್ಳೆ ಗಾರೆ ಹಾಕಿ ಮುಚ್ಚಿದಂತೆ. ಭಾವ ನನಗೆಂದೇ ಮೆಣಸಿನ ಸಾರು ಮಾಡಿ, ಇಂಗಿನ ಒಗ್ಗರಣೆ ಸಿಡಿಸಿ, ಬಟ್ಟಲನ್ನು ಮೂಗಿನ ಕೆಳಗೆ ಹಿಡಿದರು.

"ಹೆಂಗೈತೆ ಗಮ?"

"ಬಿಸಿನೀರು ಇದ್ದಂಗೈತೆ ಭಾವ" ಎಂದೆ.

"ಅಯ್ಯೋ ನಿನ್ನ! ಇಂಗೂ ತಿಳೀದ ಮೂಗು ಯಾತಕ್ಕಮ್ಮ? ಕೊಯ್ದು ಬೀದಿಗೆ ಎಸೀ" ಎಂದು ಸೌಟು ಕುಕ್ಕಿ, ಚೀಲ ಹೆಗಲಿಗೇರಿಸಿಕೊಂಡು ಸಂತೆಗೆ ಹೊರಟರು. ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು.

ನಾನು ನಡುಮನೆಯಲ್ಲಿ ಅಡ್ಡಾದೆ. ಗೂಟದಲ್ಲಿ ಭಾವ ಅಡುಗೆ ಮಾಡುವಾಗ ತಲೆಗೆ ಸುತ್ತುವ ಟವೆಲ್ಲು, ಒಗೆದು ಒಣಗಿಸಿದ್ದು, ನೇತಾಡುತ್ತಿತ್ತು. ಆಗ ಬಂತು ಆ ವಾಸನೆ. ಹೊಟ್ಟೆಯೊಳಗೆ ರಕ್ತ ಸೋರಿ, ಅಲ್ಲೇ ಕೊಳೆತು, ಡಾಂಬರಿನಂತೆ ಕಪ್ಪಗೆ ಹೊರಗೆ ಹೋಗುತ್ತದಲ್ಲ, ಆ ವಾಸನೆ. ಅದನ್ನು ಒಮ್ಮೆ ಮೂಸಿದ ನರ್ಸು ಸಾಯುವ ತನಕ ಮರೆಯುವುದಿಲ್ಲ. ರಿಪೋರ್ಟು ಬರುವ ಮೊದಲೇ ವಾರ್ಡಿನ ಬಾಗಿಲಲ್ಲೇ ನಾವು ಗುರುತು ಹಿಡಿಯುತ್ತೇವೆ. ಧಿಗ್ಗನೆ ಎದ್ದು ಕೂತೆ. ಬಚ್ಚಲು ನೋಡಿದೆ, ಚರಂಡಿ ನೋಡಿದೆ, ಎಲ್ಲೂ ಇಲ್ಲ. ಟವೆಲ್ಲಿನ ಹತ್ತಿರ ಹೋದರೆ ಮಾತ್ರ ಗಪ್ಪೆಂದು ಬರುತ್ತಿತ್ತು. ಅಕ್ಕನನ್ನು ಕರೆದು ಮೂಸಿಸಿದೆ. "ಸೋಪಿನ ವಾಸ್ನೆ ಕಣೇ" ಎಂದಳು. ಅನುಮಾನ ಬಂದು ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದೆ. ಏನೂ ಇಲ್ಲ. ಅಮೃತಾಂಜನದಂಥ ನೋವಿನ ಮುಲಾಮು ಹಿಡಿದೆ. ಅದೂ ಇಲ್ಲ. ಮತ್ತೆ ಟವೆಲ್ಲಿನ ಹತ್ತಿರ ಹೋದೆ, ಅದೇ ವಾಸನೆ.

ಭಾವ ಬಂದೊಡನೆ ಕೂರಿಸಿ ರೆಪ್ಪೆ ಬಿಡಿಸಿದೆ, ಕೆಂಪಗಿತ್ತು. ನಾಡಿ ಹಿಡಿದೆ, ಚೆನ್ನಾಗಿತ್ತು. "ಬಹಿರ್ದೆಸೆ ಕಪ್ಪಗೆ ಹೋಗ್ತಾ ಇದೆಯಾ ಭಾವ?" ಎಂದು ಕೇಳಿದ್ದೇ ತಡ, ಅವರು ಬಿದ್ದು ಬಿದ್ದು ನಕ್ಕರು.

"ಮೂರೊತ್ತೂ ರಾಗಿ ಮುದ್ದೆ ತಿಂಬೋನ್ಗೆ ಕಪ್ಪಗಲ್ದೆ ಮಲ್ಲಿಗೆಯಂಗೆ ಹೋಯ್ತದಾ? ಪಿಚ್ಚಿ ಪಟ್ಟಿಂದಾ ನೀಕು?" ಹುಚ್ಚು ಹಿಡಿಯಿತಾ ನಿನಗೆ ಎಂದು ಕೊನೆಗೆ ತೆಲುಗಿನಲ್ಲೂ ಬೈದರು.

ನಮ್ಮ ಸೀಮೆಯ ದೊಡ್ಡ ಎಡವಟ್ಟೇ ಇದು. ಎಲ್ಲ ಕಪ್ಪನ್ನೂ ರಾಗಿಯ ಲೆಕ್ಕಕ್ಕೆ ಬರೆದು ಸುಮ್ಮನಿರುತ್ತೇವೆ. ನಾನು ಬಿಡಲಿಲ್ಲ. ಮಾರನೆಯ ದಿನ ಅವರು ಲೇಪಾಕ್ಷಿ ಕಡೆಯ ಮದುವೆಗೆ ಹೋಗಬೇಕಿತ್ತು, ದಾರಿಯಲ್ಲೇ ಹಿಂದೂಪುರ. ಅಕ್ಕನ ಕೈಲೂ ಹೇಳಿಸಿ, ಬೇಡಿ, ಜಗಳವಾಡಿ ಆಸ್ಪತ್ರೆಗೆ ಒಪ್ಪಿಸಿದೆ. ಅವರದ್ದೂ ಒಂದು ಷರತ್ತು. "ಏನೂ ಇಲ್ಲ ಅಂದ್ರೆ ಮದ್ವೆ ಈರುಳ್ಳಿ ಮೂಟೆ ಅಷ್ಟೂ ನೀನೇ ಸುಲೀಬೇಕು."

ಬೆಳಿಗ್ಗೆ ಬಸ್ಸಿನಲ್ಲಿ ಸೋಮಂದೇಪಲ್ಲಿ ದಾಟುವವರೆಗೂ ಅವರು ಪಕ್ಕದ ಪ್ರಯಾಣಿಕರಿಗೆಲ್ಲ ನನ್ನ ಮೂಗಿನ ಕಥೆ ಹೇಳಿ ನಗಿಸಿದರು. ನಾನೂ ನಕ್ಕೆ, ನಗುತ್ತಲೇ ಅವರ ತುಟಿ, ಉಗುರಿನ ಬಣ್ಣ ನೋಡುತ್ತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಬಿಪಿ ಸರಿ, ರಕ್ತ ಸರಿ. ನನ್ನ ಒತ್ತಾಯಕ್ಕೆ ಮಲ ಪರೀಕ್ಷೆಯೂ ಆಯಿತು. ಅದರಲ್ಲಿ ರಕ್ತದ ಸುಳಿವೇ ಇರಲಿಲ್ಲ. "ಸಿಸ್ಟರ್, ನಿಮ್ಮ ಭಾವ ನಿಮಗಿಂತ ಗಟ್ಟಿ" ಎಂದರು ಡಾಕ್ಟರು. ನನಗೆ ನಾಚಿಕೆಯೂ ಆಯಿತು, ಎದೆಯೂ ಹಗುರಾಯಿತು.

"ನಡೀ ನರ್ಸಮ್ಮ, ಈರುಳ್ಳಿ ಕಾಯ್ತಾ ಐತೆ" ಎನ್ನುತ್ತ ಭಾವ ಮೆಟ್ಟಿಲಿಳಿಯತೊಡಗಿದರು. ಕೊನೆಯ ಮೆಟ್ಟಿಲಲ್ಲಿ ಕಂಬ ಹಿಡಿದು ನಿಂತರು. "ಯಾಕೋ ಕಣ್ಣು ಕತ್ಲೆ ಬತ್ತದೆ ಕಣಮ್ಮ" ಎಂದು ಬಗ್ಗಿದವರು ಬುಳಬುಳನೆ ರಕ್ತ ಕಾರಿದರು.

ಆಮೇಲೆ ಎಲ್ಲ ಓಟವೇ. ಸ್ಟ್ರೆಚರು, ಡ್ರಿಪ್ಪು, ರಕ್ತ ಕೊಡಲು ಜನ. ಅಂದು ನಾನು ನರ್ಸಾಗಿರಲಿಲ್ಲ, ಭಾವನ ಕಾಲು ಹಿಡಿದುಕೊಂಡು ಅಳುತ್ತಿದ್ದ ನಾದಿನಿಯಾಗಿದ್ದೆ. ಜೀವ ಉಳಿಯಿತು. ಜಠರದಲ್ಲಿ ಹುಣ್ಣು. ಕಡೇ ಪಂಕ್ತಿ ಏಳುವವರೆಗೆ ತುತ್ತು ಮುಟ್ಟದ ಮನುಷ್ಯ, ಸೊಂಟನೋವಿಗೆಂದು ಖಾಲಿ ಹೊಟ್ಟೆಗೆ ಬರೀ ಕಾಫಿಯ ಜೊತೆ ಮಾತ್ರೆ ನುಂಗುತ್ತಿದ್ದರಂತೆ. ಅಕ್ಕನಿಗೂ ಗೊತ್ತಿರಲಿಲ್ಲ. ಮದುವೆ ಮನೆಯಲ್ಲಿ ಕುದಿಯುವ ಕೊಪ್ಪರಿಗೆಯ ಮುಂದೆ ಹೀಗಾಗಿದ್ದರೆ ಎಂದು ಈಗಲೂ ನೆನೆಯುತ್ತೇನೆ.

ಡಾಕ್ಟರಿಗೆ ಎಲ್ಲ ಹೇಳಿದೆ. ಹುಣ್ಣು ಒಡೆದು ಸೋರಿದ್ದು ಮೆಟ್ಟಿಲಿಳಿದ ಆ ಗಳಿಗೆಯಲ್ಲೇ, ಹಿಂದಿನ ದಿನ ವಾಸನೆ ಬರಲು ಅಲ್ಲಿ ರಕ್ತವೇ ಇರಲಿಲ್ಲ ಎಂದರು. ಅನುಭವಸ್ಥ ಕಣ್ಣು ಗೊತ್ತಿಲ್ಲದೆ ಏನನ್ನೋ ಗುರುತಿಸಿರುತ್ತದೆ ಎಂದೂ ಸಮಾಧಾನ ಹೇಳಿದರು. ಇರಬಹುದು. ಆದರೆ ನಾನು ಗುರುತಿಸಿದ್ದು ಕಣ್ಣಿನಿಂದಲ್ಲ, ಇಂಗನ್ನೂ ತಿಳಿಯದ ಮೂಗಿನಿಂದ. ಆಗ ಭಾವ ಸಂತೆಯಲ್ಲಿದ್ದರು, ಎದುರಿಗಿದ್ದದ್ದು ಒಗೆದ ಟವೆಲ್ಲು.

ಭಾವ ಈಗಲೂ ಕೊಪ್ಪರಿಗೆಯ ಮುಂದೆ ನಿಲ್ಲುತ್ತಾರೆ, ಆದರೆ ಮೊದಲು ಎರಡು ಇಡ್ಲಿ ತಿಂದು. ಪಂಥದಲ್ಲಿ ಗೆದ್ದದ್ದು ತಾನೇ ಎಂದು ಹಟ ಅವರದು. ರಿಪೋರ್ಟಿನಲ್ಲಿ ಏನೂ ಇರಲಿಲ್ಲವಲ್ಲ! ಅವರ ಮಗಳ ಮದುವೆಯಲ್ಲಿ ಒಂದು ಮೂಟೆ ಈರುಳ್ಳಿ ಸುಲಿದು ಬಾಕಿ ತೀರಿಸಿದೆ. ಕಣ್ಣೀರು ಸುರಿದದ್ದೆಲ್ಲ ಈರುಳ್ಳಿಯದಲ್ಲ.

ನನಗೆ ನೆಗಡಿ ಎಂದು ತಿಳಿದರೆ ಸಾಕು, ಅಕ್ಕ ಫೋನು ಮಾಡುತ್ತಾಳೆ. ಕಷಾಯ ಕುಡಿದೆಯಾ, ಹಬೆ ತೆಗೆದುಕೊಂಡೆಯಾ, ಒಂದೂ ಕೇಳುವುದಿಲ್ಲ. "ಏನಾದ್ರೂ ವಾಸ್ನೆ ಬತ್ತದೇನೇ?" ಎನ್ನುತ್ತಾಳೆ. "ಇಲ್ಲ ಕಣಕ್ಕ, ಏನೂ ಬತ್ತಿಲ್ಲ" ಎಂದ ಮೇಲೆಯೇ ಫೋನು ಇಡುತ್ತಾಳೆ. ಅವಳು ಇಟ್ಟ ಮೇಲೆ ನಾನು ಇನ್ನೊಂದು ಸಲ ಮೂಸಿ ನೋಡುತ್ತೇನೆ.