ತಾಯಿಯ ಬದಲಿಗೆ ಬಂದ ಸಾಕ್ಷಿ

೨೦೨೪ನೆಯ ಇಸವಿ ಜುಲೈ ೯, ಮಂಗಳವಾರ. ಆಷಾಢ ಹಿಡಿದು ನಾಲ್ಕನೆಯ ದಿನ. ಬೆಳಗಿನಿಂದ ಗಾಳಿ, ನಡುನಡುವೆ ತುಂತುರು. ಮದ್ದೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಶೌಕತ್ ಅಲಿಯೊಡನೆ ನಾನು ಮಂಡ್ಯದ ಮನೋವೈದ್ಯರೊಬ್ಬರ ಎದುರು ಕುಳಿತಿದ್ದೆ. ಅವನಿಗೆ ಮೂವತ್ತೊಂಬತ್ತು ವರ್ಷ. ೧೯೯೪ರ ಜೂನ್‌ನಿಂದ ಮೂರು ವರ್ಷ ನನ್ನ ವಿದ್ಯಾರ್ಥಿ.

ನಾನು ಕುಳಿತ ಕುರ್ಚಿಯಲ್ಲಿ ಅವನ ತಾಯಿ ಸುಲ್ತಾನ್ ಬೀ ಕುಳಿತಿರಬೇಕಿತ್ತು.

ಶೌಕತ್ ಕೆಲಸದಲ್ಲಿ ನಿಪುಣ. ಆದರೆ ಬಿಚ್ಚಿದ ಮೋಟಾರನ್ನು ಹಾಗೆಯೇ ಬಿಟ್ಟು ಮತ್ತೊಂದನ್ನು ಬಿಚ್ಚುವನು. ಮಗಳು ಮಾಹೀನಳನ್ನು ಶಾಲೆಯಿಂದ ಕರೆತರುವುದನ್ನೇ ಮರೆಯುವನು. ಇದು ಎಡಿಎಚ್‌ಡಿ, ಅಂದರೆ ಎಳವೆಯಿಂದಲೇ ಗಮನ ಒಂದೆಡೆ ನಿಲ್ಲದ ತೊಂದರೆ, ಇರಬಹುದೆಂದ ವೈದ್ಯರು ಅವನ ಬಾಲ್ಯವನ್ನು ಕಂಡವರನ್ನು ಕರೆತರಲು ಹೇಳಿದ್ದರು. ಅವನಿಗೆ ಬೇಕಾದದ್ದು ಒಂದೇ. "ನಾನು ಸೋಂಬೇರಿ ಅಲ್ಲ ಅಂತ ಡಾಕ್ಟ್ರು ಅಮ್ಮಿ ಮುಂದೆ ಒಂದ್ಸಲ ಏಳ್ಬುಟ್ರೆ ಸಾಕು ಮೇಷ್ಟ್ರೇ."

ತಾಯಿಯನ್ನು ಕರೆದೊಯ್ಯಬೇಕಿದ್ದ ಮೇ ೧೪ರ ಭೇಟಿಯನ್ನು ಮರೆತ. ಜೂನ್ ೧೧ರಂದು ತಾಯಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟವನು, ಹನಕೆರೆಯ ಬಳಿ ಪರಿಚಿತರ ಕೆಟ್ಟ ಪಂಪು ಕಂಡು ಇಳಿದ. ಎರಡು ಗಂಟೆ ಅದರಲ್ಲೇ ಮುಳುಗಿದ. ಆಕೆ ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಕಾದರು. ವೈದ್ಯರ ವೇಳೆ ಮುಗಿದುಹೋಯಿತು.

ಅಂದು ಸಂಜೆ ಸುಲ್ತಾನ್ ಬೀ ನಮ್ಮ ಮನೆ ಬಾಗಿಲಿಗೆ ಬಂದು ಹೇಳಿದರು: "ಕಾಯ್ಲೆ ಅಂತೆ ಮೇಷ್ಟ್ರೇ, ಕಾಯ್ಲೆ! ಕೊಬ್ಬು, ಬುಡಿ. ನೀವು ಆಗ್ಲೇ ಇನ್ನೊಂದೆಲ್ಡು ಬಾರಿಸ್ಬೇಕಿತ್ತು."

ನಾನೂ ನಕ್ಕೆ.

ಜೂನ್ ೨೭ರ ಬೆಳಿಗ್ಗೆ ಹೃದಯಾಘಾತದಿಂದ ಅವರು ತೀರಿಕೊಂಡರು. ಅವರ ಟ್ರಂಕಿನಲ್ಲಿ ಮಗನ ಮೂರು ಪ್ರಗತಿ ಪತ್ರಗಳು ದೊರೆತವು. ಈಗ ವೈದ್ಯರು ಅವನ್ನು ಒಂದೊಂದಾಗಿ ತಿರುವಿದರು. ಮೂರರಲ್ಲೂ ನನ್ನದೇ ಅಕ್ಷರ: "ಬುದ್ಧಿ ಇದೆ. ಲಕ್ಷ್ಯವಿಲ್ಲ. ಉದಾಸೀನ."

"ಮೂರು ವರ್ಷ ಒಂದೇ ಮಾತು ಬರೆದಿದ್ದೀರಿ. ಯಾಕೆ ಹೀಗೆ ಅಂತ ಅನ್ನಿಸಲಿಲ್ವಾ ಸಾರ್?"

"ಇಲ್ಲ. ಹೊಡೆದೆ. ಬಿಸಿಲಿನಲ್ಲಿ ನಿಲ್ಲಿಸಿದೆ."

"ಓಗ್ಲಿ ಬುಡಿ ಸಾರ್," ಎಂದು ಶೌಕತ್ ವೈದ್ಯರನ್ನೇ ಸಮಾಧಾನಪಡಿಸಿದ. "ಒಡುದ್ಮೇಲೆ ಅವ್ರೇ ನೀರು ಕುಡುಸ್ತಿದ್ರು."



ಜುಲೈ ೨೩ರಂದು, ಎಡಿಎಚ್‌ಡಿ ಇರುವುದು ನಿಜವೆಂದು ವೈದ್ಯರು ಬರೆದುಕೊಟ್ಟರು. ಮಾರನೆಯ ದಿನದಿಂದ ಮಾತ್ರೆ ಆರಂಭವಾಯಿತು. ಆಗಸ್ಟ್ ೫ರಂದು ಸುಲ್ತಾನ್ ಬೀಯವರ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ನಡೆಯಿತು. ಮಳವಳ್ಳಿಯಿಂದ ಬಂದ ನೆಂಟರೊಬ್ಬರು, ಹೆತ್ತವಳನ್ನು ರಸ್ತೆಯಲ್ಲಿ ಕೂರಿಸಿ ಮರೆತವನೆಂದು ಶೌಕತ್‌ನನ್ನು ಎಲ್ಲರೆದುರು ಮೂದಲಿಸಿದರು. ವೈದ್ಯರ ಪತ್ರ ಅವನ ಜೇಬಿನಲ್ಲಿತ್ತು, ಅವನು ತೆಗೆಯಲಿಲ್ಲ. ಆ ಬಳಿಕ ಚಿಕಿತ್ಸೆಯ ಒಂದು ಭೇಟಿಯನ್ನೂ ಅವನು ತಪ್ಪಿಸಿಲ್ಲ.