ಚಂದ್ರಕ್ಕನ ನಾಲ್ಕನೆಯ ಅಧ್ಯಾಯ

ಚಂದ್ರಪ್ರಭಾ ಯೋಕೋಹಾಮಾಗೆ ಬಂದದ್ದು ಅಮೆರಿಕದ ಸಂಗೀತ ನಾಟಕಗಳ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡಲು. ಕೇಳಿದವರೆಲ್ಲ ಒಂದೇ ಪ್ರಶ್ನೆ ಹಾಕುತ್ತಿದ್ದರು: ಅಮೆರಿಕದ ನಾಟಕ ಓದೋಕೆ ಜಪಾನ್ ಯಾಕೆ? ಮೊದಮೊದಲು ಅವರು ವಿವರವಾಗಿಯೇ ಹೇಳುತ್ತಿದ್ದರಂತೆ. ಯುದ್ಧ ಮುಗಿದ ಮೇಲೆ ಅಮೆರಿಕದ ಸೈನಿಕರು ಈ ಬಂದರಿನಲ್ಲಿ ಬೀಡುಬಿಟ್ಟಾಗ ಅವರ ರೇಡಿಯೋ, ಅವರ ಹಾಡುಗಳೂ ಜೊತೆಗೆ ಇಳಿದವು. ಅವನ್ನು ಕೇಳಿಯೇ ಬೆಳೆದ ಮೊರಿತಾ ಎಂಬ ಪ್ರೊಫೆಸರ್ ಇಲ್ಲಿದ್ದಾರೆ. ಸ್ಕಾಲರ್‌ಶಿಪ್ ಸಿಕ್ಕಿದ್ದೂ ಇಲ್ಲೇ. ೧೯೯೮ರಲ್ಲಿ ನಾನು ಅವರ ಜೊತೆ ಮನೆ ಹಂಚಿಕೊಳ್ಳುವ ಹೊತ್ತಿಗೆ ಉತ್ತರ ಹೇಳಿ ಹೇಳಿ ಅವರಿಗೆ ಸಾಕಾಗಿತ್ತು.

"ಬಂದ್ಬಿಟ್ಟೆ ಅನು, ಇನ್ನೇನ್ ಮಾಡ್ಲಿ?" ಎಂದು ನನಗೆ ಹೇಳಿ, ಬಾಗಿಲಲ್ಲಿ ಶೂ ಕಳಚಿ ಒಳಗೆ ಹೋದರು.

ನಾನು ಬೆಂಗಳೂರಿನ ಕಂಪನಿಯೊಂದು ಕಳಿಸಿದ ಇಂಜಿನಿಯರು. ಎರಡು ಸಾವಿರನೇ ಇಸವಿ ಹುಟ್ಟಿದಾಗ ಕಂಪ್ಯೂಟರುಗಳು ಕಂಗೆಡದಂತೆ ಹಳೆಯ ಪ್ರೋಗ್ರಾಮುಗಳನ್ನು ತಿದ್ದುವುದು ನಮ್ಮ ಕೆಲಸ. ಸ್ಕಾಲರ್‌ಶಿಪ್ಪಿನ ಅವಧಿ ಮುಗಿದ ಮೇಲೆ ಚಂದ್ರಕ್ಕನೂ ಅದೇ ಆಫೀಸಿಗೆ ಅನುವಾದಕಿಯಾಗಿ ಸೇರಿದ್ದರು. ಟೋಕಿಯೋ ಕಡೆಗೆ ಹೋಗುವ ಬೆಳಗಿನ ರೈಲಿನಲ್ಲಿ ಕೈ ಎತ್ತಲೂ ಜಾಗವಿರುತ್ತಿರಲಿಲ್ಲ. ಹಾಗೆ ಒತ್ತಿಕೊಂಡು ನಿಂತಲ್ಲೇ ಅವರು ನನಗೆ ತಮ್ಮ ವಿಷಯವನ್ನು ಕಂತು ಕಂತಾಗಿ ಹೇಳಿದರು.

ಶತಮಾನದ ಆರಂಭದಲ್ಲಿ ಅಮೆರಿಕದ ನಾಟಕಗಳಲ್ಲಿ ಕತೆಗೂ ಹಾಡಿಗೂ ಅಷ್ಟೇನೂ ನಂಟಿರಲಿಲ್ಲವಂತೆ. ತಲೆಗೆ ಗರಿ ಸಿಕ್ಕಿಸಿಕೊಂಡ ಚೆಲುವೆಯರ ಸಾಲು ಕುಣಿತ, ನಡುವೆ ಒಂದಿಷ್ಟು ಹಾಸ್ಯ, ಆಮೇಲೆ ಊರಿಗೆಲ್ಲ ಗೊತ್ತಿರುವ ಯಾವುದಾದರೊಂದು ಹಾಡು. ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು, ಆಫ್ರಿಕನ್ ಅಮೆರಿಕನ್ ಸಂಗೀತಗಾರರು ಹೊಸ ಲಯ ತಂದರು. ನಲವತ್ತರ ದಶಕದ ಹೊತ್ತಿಗೆ ಹಾಡು ಕತೆಯೊಳಗಿಂದಲೇ ಹುಟ್ಟತೊಡಗಿತು. ಪಾತ್ರಕ್ಕೆ ಮಾತು ಸಾಲದೆ ಹೋದಾಗ ಹಾಡು, ಅದೂ ಸಾಲದಿದ್ದರೆ ಕುಣಿತ. ಅರವತ್ತರ ಕೊನೆಗೆ ರಾಕ್ ಸಂಗೀತ, ಉದ್ದಕೂದಲಿನ ಯುವಕರು. ಎಪ್ಪತ್ತರಲ್ಲಿ ಮುರಿದ ಮದುವೆಗಳು. ಎಂಬತ್ತರಲ್ಲಿ ಲಂಡನ್ನಿನಿಂದ ಬಂದ ದೈತ್ಯ ಸೆಟ್ಟುಗಳು.

"ಆಮೇಲೆ?"

"ಆಮೇಲೆ ದೊಡ್ಡ ಕಂಪನಿಗಳು, ಟೀ ಶರ್ಟು, ಕಾಫಿ ಮಗ್ಗು. ಸ್ಟೇಷನ್ ಬಂತು, ಇಳಿ," ಎಂದು ಆಕಳಿಸಿದರು.

ಚಂದ್ರಕ್ಕನ ತಂದೆ ಮೈಸೂರು ಕಡೆಯ ನಾಟಕ ಕಂಪನಿಯೊಂದರಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ರಣರಂಗದಲ್ಲಿ ಸತ್ತುಬಿದ್ದ ರಾಜ, ಜನ "ಒನ್ಸ್ ಮೋರ್" ಎಂದು ಕೂಗಿದರೆ ಎದ್ದು ನಿಂತು ಹಾಡಿ ಮತ್ತೊಮ್ಮೆ ಸಾಯುತ್ತಿದ್ದ. ಕಾಲೇಜಿನಲ್ಲಿ ಗೆಳತಿಯರು ಇದನ್ನೇ ಆಡಿಕೊಂಡು ನಕ್ಕಾಗ ಚಂದ್ರಕ್ಕನಿಗೆ ಮೈ ಹಿಡಿಯಾಗುತ್ತಿತ್ತಂತೆ. ಅದಕ್ಕೇ ಇರಬೇಕು, ಕತೆಯಿಂದ ಹುಟ್ಟಿದ ಹಾಡೇ ನಿಜವಾದ ಹಾಡು, ಮಿಕ್ಕದ್ದೆಲ್ಲ ಗದ್ದಲ ಎಂದು ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ಸಾಧಿಸಹೊರಟಿದ್ದರು.

ಮೊರಿತಾ ಸೆನ್ಸೇ (ಅಲ್ಲಿ ಮೇಷ್ಟ್ರನ್ನು ಹಾಗೆಯೇ ಕರೆಯುವುದು) ಅದಕ್ಕೆ ಒಪ್ಪುತ್ತಿರಲಿಲ್ಲ. ಸೈನಿಕರ ರೇಡಿಯೋದಲ್ಲಿ ಅವರು ಆ ಹಾಡುಗಳನ್ನು ಬಾಯಿಪಾಠ ಮಾಡಿದಾಗ ಅವರಿಗೆ ಇಂಗ್ಲಿಷೂ ಬರುತ್ತಿರಲಿಲ್ಲ, ಕತೆಯೂ ಗೊತ್ತಿರಲಿಲ್ಲ. "ಹಾಡಿಗೆ ಕಾರಣ ಕೇಳಬೇಡಿ, ಪ್ರಭಾ ಸಾನ್. ಮೊದಲು ಹಾಡು ಬರುತ್ತದೆ. ಕಾರಣ ಹುಡುಕುವುದು ಆಮೇಲಿನ ಮಾತು," ಎಂದು ಅಧ್ಯಾಯವನ್ನು ಪ್ರತಿ ಸಲವೂ ವಾಪಸು ಕೊಡುತ್ತಿದ್ದರು. ಚಂದ್ರಕ್ಕ ಮನೆಗೆ ಬಂದು ಅನ್ನಕ್ಕಿಡುತ್ತಾ, "ಆ ಮನುಷ್ಯನ್ನ ಒಪ್ಸೋ ಅಷ್ಟರಲ್ಲಿ ನಂಗೂ ರಿಟೈರ್‌ಮೆಂಟ್ ಆಗತ್ತೆ," ಎನ್ನುತ್ತಿದ್ದರು.

೧೯೯೯ರ ಮಾರ್ಚಿನಲ್ಲಿ ಸೆನ್ಸೇಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಹೇಳಿದ್ದು ಅರ್ಥವಾಗುತ್ತಿತ್ತು, ತಾವು ಹೇಳಬೇಕೆಂದರೆ ಮಾತ್ರ "ಸೋ... ಸೋ..." ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಮೇ ತಿಂಗಳಲ್ಲಿ ಒಂದು ಭಾನುವಾರ ನಾನೂ ಚಂದ್ರಕ್ಕನ ಜೊತೆ ಆಸ್ಪತ್ರೆಗೆ ಹೋದೆ. ಸೆನ್ಸೇಯ ಹೆಂಡತಿ ಹಾರುಕೋ ಸಾನ್ ಬಾಗಿಲ ಹತ್ತಿರವೇ ತಲೆಬಾಗಿ ನಿಂತಿದ್ದರು. ಕಣ್ಣ ಕೆಳಗೆ ಕಪ್ಪುಗಟ್ಟಿತ್ತು. ಸುಮ್ಮನೆ ಕೂತು ಕೂತು ಏನು ಮಾಡಬೇಕೋ ತೋಚದೆ ಚಂದ್ರಕ್ಕ, ಹಿಂದೆ ಸೆನ್ಸೇ ಪಾಠದ ನಡುವೆ ಗುನುಗುತ್ತಿದ್ದ ಒಂದು ಹಳೆಯ ಹಾಸ್ಯಗೀತೆಯನ್ನು ಮೆಲ್ಲಗೆ ಶುರುಮಾಡಿದರು. ಯಾವ ಕತೆಗೂ ಸೇರದ, ತಲೆಬುಡವಿಲ್ಲದ ಹಾಡು ಅದು. ಎರಡನೆಯ ಸಾಲಿಗೆ ಸೆನ್ಸೇ ಬಾಯಿ ತೆರೆದರು. ಒಂದಕ್ಷರವೂ ತಪ್ಪದೆ ಪೂರ್ತಿ ಹಾಡಿದರು.

"ಮಾತು ಬಂತು! ಇವರಿಗೆ ಮಾತು ಬಂತು!" ಹಾರುಕೋ ಸಾನ್ ಮುಖ ಮುಚ್ಚಿಕೊಂಡು ಅತ್ತರು.

ಮಾತು ಕಲಿಸಲು ಬರುತ್ತಿದ್ದ ಯುವತಿ ಅವರನ್ನು ಮೆಲ್ಲಗೆ ಕೂರಿಸಿ ಹೇಳಿದಳು: "ಕ್ಷಮಿಸಿ, ಅಮ್ಮಾ. ಮೆದುಳಿನಲ್ಲಿ ಮಾತಿನ ಜಾಗ ಕೆಟ್ಟರೂ ಕೆಲವರಿಗೆ ಹಾಡು ಉಳಿದಿರುತ್ತದೆ. ರಾಗದ ಜೊತೆ ಪದಗಳು ತಾವಾಗಿಯೇ ಬರುತ್ತವೆ. ಅವರು ಅದನ್ನು ಅರ್ಥವಿಟ್ಟು ಹೇಳಿದರು ಅಂತಲ್ಲ."

ಆಸ್ಪತ್ರೆಯಿಂದ ಹೊರಟೆವು. ಸ್ಟೇಷನ್ ಹತ್ತಿರದ ಸಣ್ಣ ಅಂಗಡಿಯಲ್ಲಿ ಟೀ ಬಾಟಲಿ ಕೈಯಲ್ಲಿ ಹಿಡಿದುಕೊಂಡು ನಿಂತಾಗ ಚಂದ್ರಕ್ಕ ಅಂದರು: "ಸೆನ್ಸೇಗೆ ಒಳಗಡೆ ಹೇಳೋಕೆ ಅಷ್ಟೊಂದು ಇದೆ, ಅದು ಹಾಡಾಗಿ ಬರ್ತಿಲ್ಲ. ಬರ್ತಿರೋ ಹಾಡಿಗೆ ಅರ್ಥ ಇಲ್ಲ. ನಾನ್ ಬರ್ದಿದ್ದೆಲ್ಲ ಉಲ್ಟಾ ಅನು."

ಮುಂದಿನ ಭಾನುವಾರದಿಂದ ಅವರು ತಪ್ಪದೆ ಹೋಗತೊಡಗಿದರು. ಆ ಯುವತಿಗೆ ಒಂದು ವಿಧಾನ ಗೊತ್ತಿತ್ತು: ಬೇಕಾದ ಮಾತನ್ನು ರಾಗಕ್ಕೆ ಕೂರಿಸಿ, ಎಡಗೈಯ ಮೇಲೆ ತಾಳ ತಟ್ಟುತ್ತಾ ಹಾಡಿಸಿ, ಕೊನೆಗೆ ಮಾತಷ್ಟೇ ಉಳಿಯುವಂತೆ ನಿಧಾನವಾಗಿ ರಾಗವನ್ನು ಸವೆಸುವುದು. ಅವಳು ಕೊಟ್ಟ ರಾಗಗಳಿಗೆ ಸೆನ್ಸೇ ಮುಖ ತಿರುಗಿಸುತ್ತಿದ್ದರು. ಚಂದ್ರಕ್ಕ ಅವರ ಪ್ರೀತಿಯ ಹಳೆಯ ನಾಟಕದ ರಾಗಗಳನ್ನೇ ತಂದರು. "ನೀರು ಬೇಕು" ಎನ್ನುವುದಕ್ಕೆ ಸಾಲು ಕುಣಿತದ ಒಂದು ತುಣುಕು. "ನೋಯುತ್ತಿದೆ" ಎನ್ನುವುದಕ್ಕೆ ಐವತ್ತರ ದಶಕದ ಪ್ರೇಮಗೀತೆಯೊಂದರ ಕೊನೆ. ಚಂದ್ರಕ್ಕನ ಕಂಠ ಅಂಥದ್ದೇನಲ್ಲ, ಅದು ಅವರಿಗೂ ಗೊತ್ತಿತ್ತು. ವಾರವೆಲ್ಲ ಆಫೀಸಿನಲ್ಲಿ ಕಣ್ಣು ಸವೆಸಿ, ಭಾನುವಾರ ಒಂದೇ ಸಾಲನ್ನು ಗಂಟೆಗಟ್ಟಲೆ ಹಾಡಿ, ಬಂದು ಹಾಸಿಗೆ ಬಿಡಿಸುವಷ್ಟೂ ತ್ರಾಣವಿಲ್ಲದೆ ತಾತಾಮಿ ಚಾಪೆಯ ಮೇಲೇ ಮಲಗಿಬಿಡುತ್ತಿದ್ದರು.

"ಒಂದ್ ವಾರ ಬಿಡಿ ಚಂದ್ರಕ್ಕ," ಅಂದೆ.

"ಬಿಟ್ರೆ ಮರ್ತ್ಬಿಡ್ತಾರೆ ಕಣೆ."

ಬೇಸಿಗೆಯೆಲ್ಲ ಕಳೆದು ನೀರು ಕೇಳುವುದೊಂದು ಬಂತು. ಅಕ್ಟೋಬರಿನಲ್ಲಿ ಒಂದು ದಿನ, ಯಾರೂ ಕಲಿಸದೆ, ಆ ನೀರಿನ ರಾಗದಲ್ಲೇ ಸೆನ್ಸೇ ಹೆಂಡತಿಯತ್ತ ತಿರುಗಿ "ಉಚಿ ಎ ಕಾಎರೋ" ಎಂದರಂತೆ. ಮನೆಗೆ ಹೋಗೋಣ. ಹಾರುಕೋ ಸಾನ್ ಆ ತಿಂಗಳೇ ಅವರನ್ನು ಮನೆಗೆ ಕರೆದುಕೊಂಡು ಹೋದರು.

ಚಂದ್ರಕ್ಕ ನಾಲ್ಕನೆಯ ಅಧ್ಯಾಯವನ್ನು ಬುಡದಿಂದ ಬರೆದರು. ಹಳೆಯ ಬಿಡಿ ಹಾಡುಗಳ ಬಗ್ಗೆ, ಜನ ಕೂಗಿದಾಗ ಎದ್ದು ಬಂದು ಹಾಡುವವರ ಬಗ್ಗೆ, ತಂದೆಯ ಕಂಪನಿಯ ಬಗ್ಗೆ ಕೂಡ. ಕೆಲಸದ ಒತ್ತಡದಲ್ಲಿ ನಾನು ಮನೆ ಸೇರುವುದೇ ಅಪರೂಪವಾಗಿದ್ದ ದಿನಗಳು ಅವು. ಹೊಸ ವರ್ಷ ಬಂತು, ನಾವು ಹೆದರಿದಂಥದ್ದೇನೂ ಆಗಲಿಲ್ಲ. ಫೆಬ್ರವರಿಯಲ್ಲಿ ಹೊಸ ಗೈಡ್ ಆ ಅಧ್ಯಾಯ ಓದಿ, ಇದು ಅನುಭವವೇ ಹೊರತು ಸಂಶೋಧನೆಯಲ್ಲ, ತೆಗೆದರೆ ಡಿಗ್ರಿ ಸಿಗುತ್ತದೆ ಎಂದರು.

"ತೆಗೆದ್ರಾ?"

"ತೆಗೆದೆ. ಜಗಳ ಆಡೋ ಶಕ್ತಿ ಇಲ್ಲ ನಂಗೆ."

ಡಿಗ್ರಿ ಬಂತು. ಊರಿಗೆ ಹೋದರೆ ಕೆಲಸವಿರಲಿಲ್ಲ, ಇಲ್ಲಿನ ಕಾಲೇಜುಗಳೂ ಕರೆಯಲಿಲ್ಲ. ಐಟಿಗೆ ಆಗ ಎಷ್ಟು ಜನರಿದ್ದರೂ ಸಾಲುತ್ತಿರಲಿಲ್ಲ; ನಮ್ಮ ಆಫೀಸೇ ಅವರನ್ನು ಕಾಯಂ ಮಾಡಿಕೊಂಡಿತು. ಸೆನ್ಸೇ ೨೦೦೧ರ ಜೂನಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಆಸ್ಪತ್ರೆಯವರು ಮಾತು ಹೋದ ಇತರರನ್ನೂ ಭಾನುವಾರ ಚಂದ್ರಕ್ಕನ ಮುಂದೆ ಕೂರಿಸತೊಡಗಿದ್ದರು. ಚಂದ್ರಕ್ಕ ಬಿಡುತ್ತೇನೆ ಬಿಡುತ್ತೇನೆ ಎನ್ನುತ್ತಲೇ ಇದ್ದರು, ಬಿಡಲಿಲ್ಲ. ನಾನು ಬೆಂಗಳೂರಿಗೆ ಹೊರಟ ವಾರ ಅವರ ಗುಂಪಿಗೆ ಮೀನು ಮಾರುತ್ತಿದ್ದ ಮುದುಕರೊಬ್ಬರು ಹೊಸದಾಗಿ ಸೇರಿದ್ದರು. ಅಮೆರಿಕದ ಒಂದು ಹಾಡೂ ಅವರಿಗೆ ಬರುತ್ತಿರಲಿಲ್ಲ. ಚಂದ್ರಕ್ಕ ಲೈಬ್ರರಿಯಿಂದ ಜಪಾನಿನ ಬೆಸ್ತರ ಹಾಡುಗಳ ಕ್ಯಾಸೆಟ್ ತಂದು, ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು, ಅಡುಗೆಮನೆಯಲ್ಲಿ ನಿಂತು ಕಲಿಯುತ್ತಿದ್ದರು.